ಗುಡ್ಡ ನೋಡಿ ಚಟ್ನಿ ರುಬ್ಬುವ ಚಿಗವ್ವ

ಗದಗ-ಬೆಟಗೇರಿಯಲ್ಲಿ ಮಿಕ್ಸರಿಗೇನು ಬರವೇ? ಮನೆಗೊಂದು ಮಿಕ್ಸರ್ ಇದೆ, ಮಿಕ್ಸರಿಗೊಂದು ಗುಂಡಿ ಇದೆ, ಗುಂಡಿ ತಿರುಗಿಸಿದರೆ ಚಟ್ನಿ ಆಗುತ್ತದೆ. ಆದರೆ ಗುಂಡಿ ತಿರುಗಿಸುವ ಮೊದಲು ಮಾಳಿಗೆ ಹತ್ತಿ, ಹಣೆಗೆ ಕೈ ಅಡ್ಡ ಹಿಡಿದು, ದೂರದ ಗುಡ್ಡದ ಕಡೆ ನೋಡಿ, "ಹೂಂ, ನಡೀಲಿ" ಎಂದು ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡು ಇಳಿದು ಬರುವ ಹೆಂಗಸು ಇಡೀ ಊರಿಗೆ ಒಬ್ಬಳೇ. ಅವಳು ನಮ್ಮ ಚಿಗವ್ವ. ಗುಡ್ಡ ಒಪ್ಪದ ದಿನ ನಮ್ಮ ಮನೆಯಲ್ಲಿ ರೊಟ್ಟಿಗೆ ಮೊಸರೇ ಗತಿ!

ಗುಡ್ಡದ ಮೇಲೆ ದೇವರಿದ್ದಾನೆಂದು ತಿಳಿಯಬೇಡಿ. ಅಲ್ಲಿರುವುದು ಗಾಳಿಯಂತ್ರಗಳ ಸಾಲು. ಗಾಳಿಯಂತ್ರ ಎಂಬುದು ಪತ್ರಿಕೆಯವರ ಮಾತು. ನಮ್ಮ ಕಡೆ ಅದಕ್ಕೆ ಫ್ಯಾನು ಎಂದೇ ಹೆಸರು. ಅವು ಬಂದ ಹೊಸತರಲ್ಲಿ, ಇಷ್ಟು ದೊಡ್ಡ ಫ್ಯಾನು ಹಾಕಿದರೂ ಊರಿನ ಸೆಕೆ ಕಡಿಮೆ ಆಗಲಿಲ್ಲವಲ್ಲ ಎಂದು ಬೇಜಾರು ಮಾಡಿಕೊಂಡವರೂ ನಮ್ಮ ಓಣಿಯಲ್ಲಿದ್ದರು. ಫ್ಯಾನು ತಿರುಗುತ್ತಿದ್ದರೆ ಚಿಗವ್ವನ ಮನೆಯ ಮಿಕ್ಸರ್ ತಿರುಗುತ್ತದೆ. ಫ್ಯಾನು ನಿಂತಿದ್ದರೆ ಅವಳು ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳವನ್ನು ಮುಟ್ಟಿ ನೋಡುತ್ತಾಳೆ. ಹಪ್ಪಳ ಗರಿಗರಿ ಒಣಗುತ್ತಿದ್ದರೆ ಎಲ್ಲೋ ಒಂದು ಕಡೆ ಸೋಲಾರು ಕರೆಂಟು ಕೊಡುತ್ತಿದೆ ಎಂದು ಅವಳ ಲೆಕ್ಕ. ಆಗಲೂ ಮಿಕ್ಸರಿಗೆ ಅಪ್ಪಣೆ ಸಿಗುತ್ತದೆ. ಫ್ಯಾನೂ ನಿಂತು ಹಪ್ಪಳವೂ ಮೆತ್ತಗಿದ್ದರೆ ಮುಗಿಯಿತು, ಆ ದಿನ ಮಿಕ್ಸರಿಗೆ ಉಪವಾಸ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿ. ಕೆಳಗೆ ಅವಳ ಗಂಡ, ಅಂದರೆ ನಮ್ಮ ಕಾಕಾನ ಕುಣಿಮಗ್ಗ, ಅಡುಗೆಮನೆ, ಪಡಸಾಲೆ. ಮೇಲಿನ ಎರಡು ಖೋಲಿಗಳಲ್ಲಿ ನಾನು ಮತ್ತು ನನ್ನ ಹೆಂಡತಿ. ನಾನು ಗದುಗಿನ ಹೈಸ್ಕೂಲೊಂದರಲ್ಲಿ ಹಿಂದಿ ಕಲಿಸುತ್ತೇನೆ. ಬೇರೆ ಮನೆ ನೋಡಬೇಕೆಂದು ಬಂದ ಹೊಸದರಲ್ಲಿ ಅಂದುಕೊಂಡಿದ್ದೆ. ಚಿಗವ್ವನ ಕೈಯ ಎಣ್ಣೆಗಾಯಿ ಆ ವಿಚಾರವನ್ನು ಮರೆಸಿಬಿಟ್ಟಿತು.

ಅವಳಿಗೆ ಒಬ್ಬನೇ ಮಗ. ನನಗೆ ತಮ್ಮನಾಗಬೇಕು. ಐಟಿಐ ಕಲಿತು ಮುಂಡರಗಿಯ ಆಚೆ ಫ್ಯಾನುಗಳ ರಿಪೇರಿಯ ಕೆಲಸಕ್ಕೆ ಸೇರಿದ್ದಾನೆ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಕಂಬದ ಒಳಗಿನ ಏಣಿ ಹತ್ತಿ, ನೋಡಿದರೆ ನಮಗೆ ಕತ್ತು ನೋಯುವಷ್ಟು ಎತ್ತರಕ್ಕೆ ಹೋಗಿ ನಟ್ಟು ಬೋಲ್ಟು ಬಿಗಿಯುವವನು. ಅಲ್ಲಿಯೇ ಖೋಲಿ ಹಿಡಿದಿದ್ದಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅವನು ಈ ಕೆಲಸಕ್ಕೆ ಸೇರಿದ ದಿನದಿಂದ ಕಾಕಾ ಅವನ ಜೊತೆ ಮಾತು ಬಿಟ್ಟಿದ್ದ. ಕಾಕಾನ ಅಪ್ಪ, ಅವನ ಅಪ್ಪ, ಎಲ್ಲರೂ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದವರು. ಈ ಹುಡುಗ ಕೆಳಗೆ ಇಳಿಯುವುದನ್ನು ಬಿಟ್ಟು ಆಕಾಶಕ್ಕೆ ಹತ್ತಿದನಲ್ಲ! ಸಿಟ್ಟೋ, ಹೆದರಿಕೆಯೋ, ಎರಡೂ ಕೂಡಿಯೋ, ಕಾಕಾನ ಬಾಯಿಯಂತೂ ಮುಚ್ಚಿಹೋಯಿತು.

ಮಗ ಬಂದ ದಿನ ಊಟದ ಪಂಕ್ತಿಯನ್ನು ನೀವು ನೋಡಬೇಕು. ಅಪ್ಪ ಮಗ ಅಕ್ಕಪಕ್ಕ ಕೂತಿರುತ್ತಾರೆ. ಕಾಕಾ ಚಿಗವ್ವನ ಕಡೆ ತಿರುಗಿ, ನಿನ್ನ ಮಗಗ ಉಪ್ಪಿನಕಾಯಿ ಬೇಕೇನು ಕೇಳು ಎನ್ನುತ್ತಾನೆ. ಮಗ ಅವ್ವನ ಕಡೆ ತಿರುಗಿ, ಅಪ್ಪಗ ಹೇಳು, ಸಾಕಂತ, ಎನ್ನುತ್ತಾನೆ. ಉಪ್ಪಿನಕಾಯಿಯ ಭರಣಿ ಇಬ್ಬರ ಮೊಣಕಾಲಿಗೂ ತಾಗುವಂತೆ ಮಧ್ಯದಲ್ಲೇ ಇರುತ್ತದೆ. ಚಿಗವ್ವ ಇಬ್ಬರ ಮಾತನ್ನೂ ದಾಟಿಸುತ್ತ ದಾಟಿಸುತ್ತ ತನ್ನ ರೊಟ್ಟಿ ತಣ್ಣಗಾಗಿಸಿಕೊಳ್ಳುತ್ತಾಳೆ. ಎರಡು ದೀಪಾವಳಿ ಹೀಗೆಯೇ ಕಳೆದವು. ಗಂಡ ಮಗ ನೇರವಾಗಿ ಒಂದು ಮಾತಾಡಿದರೆ ಸಾಕು ಎಂಬುದೊಂದೇ ಅವಳ ಆಸೆ. ಬಂಗಾರ ಬೇಡ, ಹೊಸ ಮನೆ ಬೇಡ, ಒಂದು ಮಾತು.

ಗುಡ್ಡ ನೋಡುವ ಈ ಹವ್ಯಾಸ ಶುರುವಾದದ್ದೂ ಅಂಥದೇ ಒಂದು ಊಟದ ಹೊತ್ತಿನಲ್ಲಿ. ಹುಡುಗ ಸುಮ್ಮನೆ ಮಾತಿಗೆ ಹೇಳಿದ: ಹಗಲು ಹೊತ್ತು ಗಾಳಿ, ಬಿಸಿಲು ಎರಡೂ ಜೋರಾಗಿದ್ದಾಗ ಕರೆಂಟು ಹೆಚ್ಚಾಗಿ, ತೆಗೆದುಕೊಳ್ಳುವವರಿಲ್ಲದೆ ಒಮ್ಮೊಮ್ಮೆ ಒಳ್ಳೆಯ ಫ್ಯಾನುಗಳನ್ನೇ ನಿಲ್ಲಿಸಬೇಕಾಗುತ್ತದೆ. ಸಂಜೆಯಾದರೆ ಮನೆಮನೆಯಲ್ಲಿ ಎಲ್ಲರೂ ಒಮ್ಮೆಗೇ ಎಲ್ಲ ಗುಂಡಿ ಒತ್ತುತ್ತಾರೆ, ಆಗ ಬಿಸಿಲು ಇರುವುದಿಲ್ಲ, ಗಾಳಿಯ ಭರವಸೆ ಇಲ್ಲ, ಕಲ್ಲಿದ್ದಲು ಸುಡಬೇಕಾಗುತ್ತದೆ. ನಾನು ಹೂಂಗುಟ್ಟಿದೆ. ನನ್ನ ಹೆಂಡತಿ ಪಲ್ಯ ಬಡಿಸಿದಳು. ಚಿಗವ್ವ ಮಾತ್ರ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಳಿಸಿದಳು.

"ಅಂದ್ರ, ನೀವು ಮಾಡಿಟ್ಟದ್ದನ್ನ ಯಾರೂ ತಗೊಳ್ಳಂಗಿಲ್ಲೇನು?"

"ಒಮ್ಮೊಮ್ಮೆ ಹಂಗ ಆಕ್ಕೈತಬೇ."

ಅವಳ ಮುಖ ಬಾಡಿಬಿಟ್ಟಿತು. ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮನೆ ಸೇರಿದವಳು. ಹೊಟ್ಟೆ ಬಟ್ಟೆ ಕಟ್ಟಿ ನೇಯ್ದ ಸೀರೆ ಕೊಳ್ಳುವವರಿಲ್ಲದೆ ಕಪಾಟಿನಲ್ಲಿ ಮಡಿಕೆ ಮುರಿಯದೆ ಕೂತಿರುವುದನ್ನು ಕಂಡವಳು. ಮಳೆಗಾಲದಲ್ಲಿ ಆ ಸೀರೆಗಳನ್ನು ತೆಗೆದು, ಕೊಡವಿ, ಮತ್ತೆ ಮಡಚಿಡುವಾಗ ಕಾಕಾ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದನಂತೆ. ಗಂಡನ ಸೀರೆಗೆ ಬಂದ ಗತಿ ಮಗನ ಕರೆಂಟಿಗೂ ಬರಬೇಕೇ? ಮರುದಿನ ಬೆಳಿಗ್ಗೆಯಿಂದಲೇ ಅವಳು ಮಾಳಿಗೆ ಹತ್ತತೊಡಗಿದಳು.

"ಕರೆಂಟ್ ಡಬ್ಬಿಯೊಳಗ ಹಾಕಿಡಾಕ ಬರಂಗಿಲ್ಲ ಖರೆ," ಎಂದು ನನಗೆ ತಿಳಿಸಿ ಹೇಳಿದಳು. "ಆದರ ಕೆಲಸ ಹಾಕಿಡಾಕ ಬರತೈತಿ ನೋಡಪಾ."

ಅಲ್ಲಿಂದ ಶುರುವಾಯಿತು ನೋಡಿ ಕೆಲಸ ಹಾಕಿಡುವ ಕೆಲಸ! ಬಾವಿಯಷ್ಟು ಆಳದ ಅವಳ ಉತ್ಸಾಹದಲ್ಲಿ ನಾವೆಲ್ಲ ಬಿದ್ದೆವು. ನೀರಿನ ಟಾಕಿ ಸಂಜೆಯ ಬದಲು ಮಧ್ಯಾಹ್ನ ತುಂಬತೊಡಗಿತು. ಶೇಂಗಾ ಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ ಎಲ್ಲವೂ ಬಿಸಿಲೇರಿದ ಮೇಲೆ ರುಬ್ಬಿ ಡಬ್ಬಿ ಸೇರಿದವು. ಬಟ್ಟೆ ತೊಳೆಯುವ ಮಷಿನ್ನು ನಡುಮಧ್ಯಾಹ್ನ ಕುಣಿಯತೊಡಗಿತು. ಭಾನುವಾರ ನನ್ನ ಸ್ನಾನವೂ ಸೂರ್ಯ ನೆತ್ತಿಗೆ ಬರುವವರೆಗೆ ಮುಂದಕ್ಕೆ ಹೋಯಿತು. ನಾನೋ, ರಜೆಯ ದಿನ ಸ್ನಾನ ಮುಂದೆ ಹೋದರೆ ಬೇಡ ಎನ್ನುವ ಜಾತಿಯವನಲ್ಲ.

ತೊಂದರೆ ಆದದ್ದು ಇಸ್ತ್ರಿಯದು. ದಿನಾ ಬೆಳಿಗ್ಗೆ ಗಡಿಬಿಡಿಯಲ್ಲಿ ಒಂದೊಂದೇ ಅಂಗಿ ತಿಕ್ಕುತ್ತಿದ್ದ ನನ್ನಿಂದ ಆ ಪೆಟ್ಟಿಗೆ ಕಸಿದುಕೊಂಡಳು. ವಾರದ ಅಂಗಿಗಳಿಗೆಲ್ಲ ಭಾನುವಾರ ಮಧ್ಯಾಹ್ನ ಒಟ್ಟಿಗೇ ಇಸ್ತ್ರಿ. ಸೋಮವಾರ ನಾನು ಮದುಮಗನಂತೆ ಶಾಲೆಗೆ ಹೋಗುತ್ತೇನೆ. ಗುರುವಾರದ ಹೊತ್ತಿಗೆ, ಕಪಾಟಿನಲ್ಲಿ ಒಂದರ ಮೇಲೊಂದು ಕೂತ ಅಂಗಿಗಳು ತಮ್ಮ ಹಳೆಯ ಸ್ವಭಾವಕ್ಕೆ ಬಂದಿರುತ್ತವೆ. ನಮ್ಮ ಹೆಡ್‌ಮಾಸ್ತರು ಒಂದು ಗುರುವಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, ಲಕ್ಕುಂಡಿ ಬಸ್ಸಿನಲ್ಲಿ ನಿಂತುಕೊಂಡು ಬಂದಿರೇನು ಎಂದು ಕನಿಕರದಿಂದ ಕೇಳಿದರು. ನಾನು ಸ್ಕೂಟರಿನ ಮೇಲೆ ಹೋಗುವವನು. ಹೌದೆಂದೆ.

ಬೇಸಿಗೆಯಲ್ಲಿ ಒಂದು ಸಂಜೆ ಶಿರಹಟ್ಟಿಯಿಂದ ನನ್ನ ಹೆಂಡತಿಯ ಕಡೆಯ ಬೀಗರೊಬ್ಬರು ಬಂದರು. ದಪ್ಪನೆಯ ಮನುಷ್ಯ, ಬೆವರಿ ತೊಪ್ಪೆಯಾಗಿದ್ದರು. ಬಂದವರೇ ಕೂಲರಿನ ಕಡೆ ಆಸೆಯಿಂದ ನೋಡಿದರು. ಚಿಗವ್ವ ಹಸಿ ಟವೆಲ್ಲು, ಬೀಸಣಿಗೆ, ಮಣ್ಣಿನ ಗಡಿಗೆಯ ನೀರು ತಂದು ಮುಂದಿಟ್ಟಳು. ಮಂಡಕ್ಕಿ ಒಗ್ಗರಣೆ ಬಂತು, ಮಿರ್ಚಿ ಬಂತು, ಮಧ್ಯಾಹ್ನವೇ ರುಬ್ಬಿಟ್ಟ ಚಟ್ನಿ ಬಂತು. ಕೂಲರ್ ಮಾತ್ರ ಮೂಲೆಯಲ್ಲಿ ಮೌನವ್ರತ ಹಿಡಿದು ನಿಂತಿತ್ತು. ಬೀಗರು ಕೊನೆಗೆ ಕಿಸೆಯಿಂದ ಚಾರ್ಜರ್ ತೆಗೆದು, ಫೋನಿಗಾದರೂ ಒಂದಿಷ್ಟು ಹಚ್ಚಲೇ ಎಂದು ಸಂಕೋಚದಿಂದ ಕೇಳಿದರು.

"ಯಾಕ್ರಿ ಬೀಗರ, ಮಧ್ಯಾಹ್ನ ಅದಕ್ಕ ಉಣಿಸಿರಲಿಲ್ಲೇನ್ರಿ?" ಎಂದಳು ಚಿಗವ್ವ, ಹಸಿದ ಕೂಸನ್ನು ಕಂಡವಳ ದನಿಯಲ್ಲಿ.

ಫೋನು ಎಷ್ಟು ಮಹಾ ಕರೆಂಟು ತಿಂದೀತು ಎಂದು ನಾನು ನಡುವೆ ಬಾಯಿ ಹಾಕಿದೆ. ಅದಕ್ಕವಳು, ಎಲ್ಲರೂ ತಮ್ಮತಮ್ಮದು ಎಷ್ಟು ಮಹಾ ಎಂದೇ ಅನ್ನುತ್ತಾರೆ, ಓಣಿಗೆ ಓಣಿಯೇ ಹಾಗೆ ಅಂದರೆ ಏನಾಗುತ್ತದೆ ಎಂದು ಮರುಪ್ರಶ್ನೆ ಹಾಕಿದಳು. ಆದರೂ ಅತಿಥಿಗಳಲ್ಲವೇ, ಫೋನಿಗೆ ಅನುಮತಿ ಸಿಕ್ಕಿತು. ಈಗ ಆ ಬೀಗರು ಮಧ್ಯಾಹ್ನದ ಬಸ್ಸಿಗೇ ಬರುತ್ತಾರೆ. ಬರುವ ಮೊದಲು ಫೋನು ಹಚ್ಚಿ, ಎಲ್ಲರ ಆರೋಗ್ಯ ವಿಚಾರಿಸುವುದನ್ನೂ ಬಿಟ್ಟು, ಇವತ್ತು ಗಾಳಿ ಹೇಗಿದೆ ಎಂದು ಕೇಳುತ್ತಾರೆ. ಕೂಲರಿನ ಮುಂದೆ ಕೂತು ಊಟ ಮಾಡಿ, ಅಲ್ಲಿಯೇ ಒಂದು ನಿದ್ದೆ ತೆಗೆದು ಹೋಗುತ್ತಾರೆ.

ಮನೆ ಸಾಲದೆಂದು ಅವಳು ಓಣಿಗೂ ಇಳಿದಳು. ನಮ್ಮ ಓಣಿಯ ಗಿರಣಿ ಸಂಜೆ ದೀಪ ಹಚ್ಚಿದ ಮೇಲೇ ಜೀವ ಹಿಡಿಯುತ್ತಿತ್ತು. ಎಲ್ಲರೂ ಜೋಳದ ಬುಟ್ಟಿ ಹೊತ್ತುಕೊಂಡು ಆಗಲೇ ಬರುತ್ತಿದ್ದರು. ಚಿಗವ್ವ ಗಿರಣಿಯವನ ಬಳಿ ಹೋಗಿ ಮಧ್ಯಾಹ್ನ ಬೀಸು ಎಂದಳು. ಜನ ಬಂದರೆ ತಾನು ನಡುರಾತ್ರಿಯೂ ಬೀಸುತ್ತೇನೆ, ಮಧ್ಯಾಹ್ನ ಬರುವವರು ಯಾರು ಎಂದು ಅವನು ನಕ್ಕ. ಅವಳು ಅವನೊಂದಿಗೆ ವಾದ ಮಾಡಲಿಲ್ಲ. ಮನೆಮನೆಗೆ ಹೋಗಿ, ಸಂಜೆಯ ಗದ್ದಲದಲ್ಲಿ ನಿಮ್ಮ ಜೋಳದಲ್ಲಿ ಇನ್ನೊಬ್ಬರ ಗೋಧಿ ಬೆರೆಯುತ್ತದೆ, ಅದಕ್ಕೇ ರೊಟ್ಟಿ ಹರಿಯುವುದು ಎಂದು ಹಬ್ಬಿಸಿದಳು. ಬೆಟಗೇರಿಯ ಹೆಂಗಸರು ಏನನ್ನಾದರೂ ಸಹಿಸಿಯಾರು, ಬಡಿದ ರೊಟ್ಟಿ ಹರಿದರೆ ಸಹಿಸುವುದುಂಟೇ? ತಿಂಗಳೊಳಗೆ ಗಿರಣಿಯ ಮುಂದೆ ಮಧ್ಯಾಹ್ನ ಪಾಳಿ ಹಚ್ಚತೊಡಗಿದರು. ಗಿರಣಿಯವನು ಈಗ ದೀಪ ಹಚ್ಚುವ ಮೊದಲೇ ಅಂಗಡಿ ಮುಚ್ಚಿ, ಮನೆಯಲ್ಲಿ ಮಕ್ಕಳ ಜೊತೆ ಕೂತು ಉಣ್ಣುತ್ತಾನೆ. ದಾರಿಯಲ್ಲಿ ಚಿಗವ್ವ ಕಂಡರೆ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾನೆ.

ಒಬ್ಬ ಮಾತ್ರ ಬಗ್ಗಲಿಲ್ಲ. ಬೇರೆ ಯಾರು? ಕಾಕಾ!

ಮಗ್ಗದ ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಇರಬೇಕು. ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವುದು ಹೆಂಗಸರ ಪಾಲಿನ ಕೆಲಸ, ಅದೂ ಕೈರಾಟಿಯ ಮೇಲೆ. ನಮ್ಮ ತಮ್ಮ ಐಟಿಐ ಕಲಿಯುವಾಗ, ಅವ್ವನ ರಟ್ಟೆ ನೋಯುತ್ತದೆಂದು, ಹಳೆಯ ಹೊಲಿಗೆ ಮಷಿನ್ನಿನ ಮೋಟರೊಂದನ್ನು ಆ ರಾಟಿಗೆ ಜೋಡಿಸಿಕೊಟ್ಟಿದ್ದ. ಅವನು ಫ್ಯಾನಿನ ಕೆಲಸಕ್ಕೆ ಹೋದ ಮೇಲೆ ಕಾಕಾ ಆ ಮೋಟರಿಗೆ ಯಾರನ್ನೂ ಕೈ ಹಚ್ಚಗೊಡಲಿಲ್ಲ. ತಾನೇ ಒರೆಸುತ್ತಾನೆ, ತಾನೇ ಎಣ್ಣೆ ಬಿಡುತ್ತಾನೆ, ಕಂಡಿಕೆಯನ್ನೂ ತಾನೇ ಸುತ್ತುತ್ತಾನೆ. ಸುತ್ತುವುದು ಯಾವಾಗ? ಸರಿಯಾಗಿ ದೀಪ ಹಚ್ಚಿದ ಮೇಲೆ, ಚಿಗವ್ವ ಇಡೀ ಮನೆಯ ಗುಂಡಿಗಳನ್ನು ಆರಿಸಿ ಕೂತಾಗ! ಗರ್ ಎಂದು ಸದ್ದು ಶುರುವಾದರೆ ಚಿಗವ್ವ ಅಡುಗೆಮನೆಯಲ್ಲಿ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು.

ಕಾಕಾನ ಕಡೆಯೂ ನ್ಯಾಯವಿತ್ತು. ಹಗಲಿನ ಬೆಳಕು ನೇಯುವುದಕ್ಕೆ, ಸಂಜೆ ನಾಳಿನ ಕಂಡಿಕೆಗೆ. ಅವನ ಅಪ್ಪನ ಕಾಲದಿಂದ ನಡೆದು ಬಂದದ್ದು. ಬೆಳಕಿರುವಾಗ ನೇಯುವುದು ಬಿಟ್ಟು ನೂಲು ಸುತ್ತಲು ನನಗೇನು ತಲೆ ಕೆಟ್ಟಿದೆಯೇ ಎಂದು ಕೇಳುತ್ತಿದ್ದ. ಆ ಮೋಟರ್ ಒಂದು ದೊಡ್ಡ ಬಲ್ಬಿನಷ್ಟೂ ಕರೆಂಟು ತಿನ್ನುವುದಿಲ್ಲ. ಅದರ ಸಲುವಾಗಿ ನಡೆದ ಯುದ್ಧಕ್ಕೆ ಬೇಕಾದ ಶಕ್ತಿಯಲ್ಲಿ ಹರ್ತಿ ಊರಿನ ಪಂಪ್‌ಸೆಟ್ಟುಗಳೆಲ್ಲ ನಡೆಯಬಹುದಿತ್ತು. ನಾನು ನಡುವೆ ಹೋಗಿ, ಚಿಗವ್ವ, ಒಂದು ಸಣ್ಣ ಮೋಟರ್, ಬಿಟ್ಟುಬಿಡು ಎಂದೆ.

"ಎಲ್ಲಾ ಬಿಟ್ಟೇನು, ಅದನ್ನ ಬಿಡಂಗಿಲ್ಲ," ಎಂದಳು. ದನಿ ಇಳಿಸಿ, ಮಗ್ಗದ ಕಡೆ ಒಮ್ಮೆ ನೋಡಿ ಹೇಳಿದಳು: "ಮಗಾ ಮಾಡಿದ ಕರೆಂಟು ಅಪ್ಪನ ಸೀರ್‍ಯಾಗ ಹೋಗಬೇಕು. ಮಾತ ಇಲ್ಲಂದ್ರ ಇಲ್ಲ, ಅಷ್ಟರ ಆಗಲಿ."

ಕರೆಂಟೆಲ್ಲ ತಂತಿಯಲ್ಲಿ ಕೂಡಿಬಿಡುತ್ತದೆ, ಯಾರು ಮಾಡಿದ್ದು ಯಾರ ಮನೆಗೆ ಬಂತೆಂದು ಗುರುತು ಸಿಗುವುದಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳಿಯೂ ಇದ್ದೆ, ಹಿಂದೊಮ್ಮೆ. ಮಾಳಿಗೆಯಿಂದ ಕಾಣುವ ಸಾಲಿನಲ್ಲಿ ಎಡಗಡೆಯ ಫ್ಯಾನನ್ನು ಅವಳು "ನಮ್ಮದು" ಎಂದು ತೋರಿಸುತ್ತಿದ್ದಳು. ಆ ಸಾಲಿಗೂ ತನಗೂ ಸಂಬಂಧವೇ ಇಲ್ಲ, ತನ್ನವು ಮುಂಡರಗಿಯ ಆಚೆ ಇವೆ, ಇಲ್ಲಿಂದ ಕಾಣುವುದೇ ಇಲ್ಲ ಎಂದು ಮಗ ನಗಾಡಿದ್ದ. ಇರಲಿ ಬಿಡು, ಅದನ್ನೂ ಯಾವಳೋ ಒಬ್ಬಳ ಮಗ ಹತ್ತುತ್ತಾನಲ್ಲ ಎಂದಿದ್ದಳು ಚಿಗವ್ವ. ಎಡಗಡೆಯ ಫ್ಯಾನು ನಮ್ಮದಾಗಿಯೇ ಉಳಿಯಿತು. ಆ ದಿನ ಮಗ ಇನ್ನೊಂದು ಮಾತನ್ನೂ ಹೇಳಿದ್ದ. ಮಳೆಗಾಲದ ಜೋರು ಗಾಳಿಯಲ್ಲಿ ಉಳಿದವೆಲ್ಲ ತಿರುಗುವಾಗ ಒಂದೇ ಫ್ಯಾನು ನಿಂತಿತೆಂದರೆ ಅದು ಕೆಟ್ಟಿದೆ ಎಂದು ಅರ್ಥ, ಕೆಟ್ಟಿದೆ ಎಂದರೆ ಯಾರೋ ಮೇಲೆ ಹತ್ತಿದ್ದಾರೆ; ಕೆಲಸ ಮುಗಿಸಿ ಇಳಿಯುವವರೆಗೆ ಅದನ್ನು ತಿರುಗಿಸುವುದಿಲ್ಲ. ಕಾಕಾ ಆಗ ಮಗ್ಗದಲ್ಲಿದ್ದ. ಲಾಳಿಯ ಸದ್ದಿನಲ್ಲಿ ಅವನಿಗೇನೂ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಿದ್ದೆವು.

ಈ ಮಳೆಗಾಲದಲ್ಲಿ ಒಂದು ದಿನ ಚಿಗವ್ವ ನನ್ನ ಹೆಂಡತಿಯನ್ನು ಕರೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿದ್ದಳು, ಸಂಬಂಧಿಕರ ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ. ನನಗೆ ಶಾಲೆಗೆ ರಜೆ. ಕೆಳಗೆ ಮಗ್ಗದ ಸದ್ದು ಕೇಳುತ್ತ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಊಟದ ಹೊತ್ತಿಗೆ ಸದ್ದು ನಿಂತಿತು. ಉಣ್ಣಲು ಎದ್ದಿರಬೇಕೆಂದು ಕೆಳಗೆ ಹೋದರೆ ಕಾಕಾ ಇಲ್ಲ. ಬಡಿಸಿಟ್ಟ ತಾಟು ಹಾಗೆಯೇ ಮುಚ್ಚಿತ್ತು. ಹಿತ್ತಲು ನೋಡಿದೆ, ಓಣಿ ನೋಡಿದೆ. ಕೊನೆಗೆ ಮಾಳಿಗೆ ಹತ್ತಿದೆ.

ಮೊಣಕಾಲು ನೋವೆಂದು ವರ್ಷಗಟ್ಟಲೆ ಮಾಳಿಗೆಯ ಮೆಟ್ಟಿಲು ತುಳಿಯದ ಮನುಷ್ಯ ಅಲ್ಲಿ ನೀರಿನ ಟಾಕಿಗೆ ಒರಗಿ ನಿಂತಿದ್ದ. ಗಾಳಿಗೆ ಧೋತರ ಪಟಪಟ ಬಡಿಯುತ್ತಿತ್ತು. ಹಣೆಗೆ ಕೈ ಅಡ್ಡ ಹಿಡಿದಿದ್ದ, ಥೇಟ್ ಚಿಗವ್ವನ ಹಾಗೆಯೇ.

"ಯಾಕ ಕಾಕಾ, ಇಲ್ಲಿ?"

"ಎಡಗಡಿದು ನಿಂತೈತಿ," ಎಂದ.

ನೋಡಿದೆ. ಸಾಲಿನ ಫ್ಯಾನುಗಳೆಲ್ಲ ಭರದಿಂದ ತಿರುಗುತ್ತಿದ್ದವು. ಎಡಗಡೆಯದೊಂದು ಮಾತ್ರ ರೆಕ್ಕೆ ಚಾಚಿ ಸುಮ್ಮನೆ ನಿಂತಿತ್ತು.

ಅಂದರೆ ಕಾಕಾನಿಗೆ ಎಲ್ಲ ಗೊತ್ತಿತ್ತು. ನಾವು ಕೇಳಿಸಿರಲಿಕ್ಕಿಲ್ಲ ಎಂದುಕೊಂಡ ಮಾತು ಅವನಿಗೆ ಕೇಳಿಸಿತ್ತು. ಮಗ್ಗದಲ್ಲಿ ಕೂತಲ್ಲಿಂದಲೇ, ಚಿಗವ್ವ ದಿನಾ ಇಳಿದು ಬಂದು ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಆಡಿಕೊಳ್ಳುತ್ತಿದ್ದ ಗಾಳಿಯ ಸುದ್ದಿಯನ್ನೆಲ್ಲ ಅವನು ಕೇಳುತ್ತಿದ್ದ. ಇವತ್ತು ಸುದ್ದಿ ಹೇಳುವವಳು ಊರಲ್ಲಿರಲಿಲ್ಲ. ತಾನೇ ಹತ್ತಿ ಬಂದಿದ್ದ.

ಅದು ತಮ್ಮನ ಫ್ಯಾನಲ್ಲ ಕಾಕಾ, ಎನ್ನಲು ಬಾಯಿ ತೆರೆದೆ. ಅವನ ಮುಖ ನೋಡಿ ಮಾತು ಬದಲಿಸಿದೆ. ಕೆಳಗೆ ಹೋಗೋಣ, ಊಟ ಆರುತ್ತದೆ ಎಂದೆ. ಅವನು ಕದಲಲಿಲ್ಲ. ನಾನೂ ಅವನ ಪಕ್ಕದಲ್ಲಿ ನಿಂತೆ. ಇಬ್ಬರೂ ಎಡಗಡೆಯದನ್ನೇ ನೋಡಿದೆವು. ಮೋಡ ಒಂದಿಷ್ಟು ಬಂದು ಹೋಯಿತು. ಎಷ್ಟೋ ಹೊತ್ತಿನ ಮೇಲೆ, ಕಣ್ಣು ಸೋತಿರಬೇಕು ಎನ್ನುವಷ್ಟು ನಿಧಾನವಾಗಿ, ಆ ರೆಕ್ಕೆಗಳು ಅಲುಗಿದವು. ಆಮೇಲೆ ಸುತ್ತು ಹೊಡೆದವು.

"ಇಳದಾ," ಎಂದ ಕಾಕಾ.

ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ನನ್ನ ಕಡೆ ನೋಡದೆ, "ಅವಗ ಫೋನ್ ಹಚ್ಚು," ಎಂದ.

ಹಚ್ಚಿ, ಅವನಿಗೆ ಕೇಳಿಸುವಂತೆ ಸ್ಪೀಕರ್ ಹಾಕಿ ಕೈಗೆ ಕೊಟ್ಟೆ. ಆ ಕಡೆಯಿಂದ ತಮ್ಮ, "ಹೇಳಣ್ಣಾ," ಎಂದ. ಕಾಕಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಊಟ ಆತೇನಲೇ?"

ಆ ಕಡೆ ಗಾಳಿಯ ಸದ್ದು ಮಾತ್ರ ಕೇಳಿಸಿತು.

"ಈಗ ಕುಂತೇನಪ್ಪಾ," ಎಂದಿತು ಕೊನೆಗೆ ದನಿ. ತಮ್ಮ ಅಳುತ್ತಿದ್ದನೆಂದು ಯಾರಿಗಾದರೂ ತಿಳಿಯುತ್ತಿತ್ತು. "ನಿಂದು?"

"ಇನ್ನ ಉಣತೇನಿ. ನೀ ಉಣ್ಣು," ಎಂದು ಕಾಕಾ ಫೋನನ್ನು ನನ್ನ ಕೈಗಿಟ್ಟ. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದ. ಊಟ ಮಾಡಿದ. ಆಮೇಲೆ, ಹಾಡಹಗಲಲ್ಲಿ, ಕೆಳಗಿನಿಂದ ಗರ್ ಎಂಬ ಮೋಟರಿನ ಸದ್ದು ಕೇಳಿಸಿತು.

ಸಂಜೆ ಲಕ್ಷ್ಮೇಶ್ವರದಿಂದ ಬಂದ ಚಿಗವ್ವ ಉಡಿಯಲ್ಲಿದ್ದ ಕುಬಸದ ಅಕ್ಕಿ, ಎಲೆ, ಅಡಿಕೆ ತೆಗೆದು ದೇವರ ಮುಂದಿಟ್ಟಳು. ದೀಪ ಹಚ್ಚಿ ಪಡಸಾಲೆಗೆ ಬಂದವಳಿಗೆ ಮೋಟರಿನ ಸದ್ದಿಲ್ಲದಿರುವುದು ವಿಚಿತ್ರವೆನಿಸಿರಬೇಕು. ಮಗ್ಗದ ಖೋಲಿಗೆ ಇಣುಕಿದಳು. ಕಂಡಿಕೆಯ ಬುಟ್ಟಿ ತುಂಬಿ ಚೆಲ್ಲುವಂತಿತ್ತು. ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು, ಇನ್ನೊಂದನ್ನು ನೋಡಿದಳು.

"ಇವನ್ನ ಯಾವಾಗ ಸುತ್ತಿದ್ರಿ?" ಎಂದು ಕೇಳಿದಳು.

ಕಾಕಾ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ. ಓಣಿಯ ಕಡೆ ನೋಡುತ್ತಲೇ ಹೇಳಿದ:

"ಮಧ್ಯಾಹ್ನ. ಗಾಳಿ ಇತ್ತು."